ನಾಚಿಕೆ ಯಾರಿಗಾಗಬೇಕು?

2024ರ ಆಗಸ್ಟ್ 5ರ ಸಂಜೆ ನಮ್ಮ ಹಾಸ್ಟೆಲಿನ ಟಿವಿ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಲಕ್ಷ್ಯ ಸೇನ್ ಕಂಚಿನ ಪದಕಕ್ಕಾಗಿ ಮಲೇಷ್ಯಾದ ಆಟಗಾರನ ಎದುರು ಆಡುತ್ತಿದ್ದರು. ಮೊದಲ ಗೇಮನ್ನು 21-13ರಿಂದ ಗೆದ್ದಾಗ ಶಿಳ್ಳೆ ಬಿತ್ತು. ಮುಂದಿನ ಎರಡನ್ನೂ ಸೋತು ಅವರು ನಾಲ್ಕನೆಯವರಾದಾಗ ಹಿಂದಿನಿಂದ ಯಾರೋ, "ನೂರ ನಲವತ್ತು ಕೋಟಿ ಜನ ಇದ್ದು ಇಷ್ಟೇನಾ? ನಾಚಿಕೆಯಾಗಬೇಕು" ಅಂದರು. ಎಲ್ಲರೂ ತಲೆಯಾಡಿಸಿದೆವು. ಐದೇ ನಿಮಿಷದಲ್ಲಿ ಕೋಣೆ ಖಾಲಿಯಾಯಿತು.

ನಾಚಿಕೆ ಸರಿ, ಆದರೆ ಯಾರಿಗಾಗಬೇಕು? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಆ ಕೂಟಕ್ಕೆ ನಮ್ಮಿಂದ ಹೋದವರು 117 ಮಂದಿ. ಬಂದ ಪದಕ ಆರು, ಚಿನ್ನ ಒಂದೂ ಇಲ್ಲ. ಕೂದಲೆಳೆಯಲ್ಲಿ ತಪ್ಪಿದ ನಾಲ್ಕನೆಯ ಸ್ಥಾನಗಳೂ ಆರು. ಇಂಥ ಫಲಿತಾಂಶ ಬಂದಾಗಲೆಲ್ಲ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಒಂದು, ಜನಸಂಖ್ಯೆಯನ್ನು ಪದಕದಿಂದ ಭಾಗಿಸಿ ತಲೆ ತಗ್ಗಿಸುವುದು. ಇನ್ನೊಂದು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಯಾಕೆ ಎಂದು ಕೈ ತೊಳೆದುಕೊಳ್ಳುವುದು. ಎರಡನೆಯದರಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಅದನ್ನು ಹೇಳುವವರು ಹೆಚ್ಚಾಗಿ ಹೊಟ್ಟೆ ತುಂಬಿದ ನಾವೇ. ಎರಡೂ ಉತ್ತರಗಳಿಗೆ ಒಂದು ಸಮಾನ ಅನುಕೂಲವಿದೆ: ಅವುಗಳಲ್ಲಿ 'ನಾನು' ಎಲ್ಲೂ ಬರುವುದಿಲ್ಲ.

ಪದಕಕ್ಕಾಗಿ ನಾವು ಹಂಬಲಿಸುತ್ತೇವೆ ಎಂಬುದೂ ಪೂರ್ತಿ ನಿಜವಲ್ಲ. ಅದೇ ತಿಂಗಳ ಕೊನೆಯಲ್ಲಿ ಅದೇ ಪ್ಯಾರಿಸ್ಸಿನಲ್ಲಿ ಪ್ಯಾರಾಲಿಂಪಿಕ್ಸ್ ಶುರುವಾಯಿತು. ಏಳು ಚಿನ್ನ ಸೇರಿ 29 ಪದಕಗಳು ಬಂದವು. ನಮ್ಮ ಕರ್ನಾಟಕದವರೇ ಆದ ಸುಹಾಸ್ ಯತಿರಾಜ್ ಬ್ಯಾಡ್ಮಿಂಟನ್ನಿನಲ್ಲಿ ಬೆಳ್ಳಿ ಗೆದ್ದರು. ಟಿವಿ ಕೋಣೆಯಲ್ಲಿ ಯಾರೂ ಇರಲಿಲ್ಲ. ನಾನೂ ಇರಲಿಲ್ಲ, ಮರುದಿನ ಮೊಬೈಲಿನಲ್ಲಿ ಸುದ್ದಿ ಓದಿದೆ.

ಜಮೈಕಾದ ಜನಸಂಖ್ಯೆ ಮೂವತ್ತು ಲಕ್ಷವೂ ಇಲ್ಲ. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಅವರಿಗೂ ಬಂದದ್ದು ಆರೇ ಪದಕ. ಅಲ್ಲಿ 1910ರಿಂದ ಶಾಲಾ ಮಕ್ಕಳ ಅಥ್ಲೆಟಿಕ್ಸ್ ಕೂಟವೊಂದು ನಡೆದುಕೊಂಡು ಬಂದಿದೆ. ಜನ ಅದನ್ನು 'ಚಾಂಪ್ಸ್' ಅನ್ನುತ್ತಾರೆ. ಹೈಸ್ಕೂಲಿನ ಮಕ್ಕಳು ಓಡುವುದನ್ನು ನೋಡಲು ಕಿಂಗ್‌ಸ್ಟನ್ನಿನ ರಾಷ್ಟ್ರೀಯ ಕ್ರೀಡಾಂಗಣ ತುಂಬುತ್ತದೆ. ಉಸೇನ್ ಬೋಲ್ಟ್ ಕೂಡ ಹಾಗೆ ಓಡಿದ ಹುಡುಗನೇ. ಅವರು ಮೊದಲು ನೋಡಿದರು, ಪದಕ ಆಮೇಲೆ ಬಂತು. ನಾವು ಪದಕ ಬಂದ ಮೇಲೆ ನೋಡುತ್ತೇವೆ.

ಈಗ 'ನಾನು' ಬರಲೇಬೇಕು. ಹತ್ತನೆಯ ಕ್ಲಾಸಿನಲ್ಲಿ ನಾನು ಕ್ಲಾಸ್ ಲೀಡರ್. ಹಿಂದಿನ ಬೆಂಚಿನ ಹುಡುಗಿಯೊಬ್ಬಳು 800 ಮೀಟರ್ ಓಟದಲ್ಲಿ ತಾಲ್ಲೂಕಿಗೆ ಮೊದಲು ಬಂದಿದ್ದಳು. ಜಿಲ್ಲಾ ಮಟ್ಟಕ್ಕೆ ಹೋಗಬೇಕಿತ್ತು. ಅರ್ಧವಾರ್ಷಿಕ ಪರೀಕ್ಷೆ ಹತ್ತಿರವಿತ್ತು. ಸ್ಟಾಫ್ ರೂಮಿಗೆ ಹೋಗಿ, "ಸಾರ್, ಪಿ.ಟಿ. ಪೀರಿಯಡ್ಡನ್ನೂ ಗಣಿತಕ್ಕೇ ತಗೊಳ್ಳಿ" ಎಂದು ಕೇಳಿದ್ದು ನಾನೇ. ಮೇಷ್ಟ್ರು ನನ್ನ ಬೆನ್ನು ತಟ್ಟಿದರು. ಅವಳಿಗೆ ಅಭ್ಯಾಸಕ್ಕೆ ಇದ್ದದ್ದು ಆ ಪೀರಿಯಡ್ಡೊಂದೇ. ಅವಳು ಜಿಲ್ಲೆಗೆ ಹೋಗಲಿಲ್ಲ. ಅದು ನನ್ನಿಂದಲೇ ಆಯಿತೆಂದು ಹೇಳಲಾರೆ; ಮನೆಯಲ್ಲೂ ಬೇಡವೆಂದಿರಬಹುದು. ಆದರೆ ಬೇಡವೆಂದವರ ಸಾಲಿನಲ್ಲಿ ನಾನೂ ನಿಂತಿದ್ದೆ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ.

ಎಲ್ಲರೂ ಓಡಲೇಬೇಕು, ದೇಶ ಪದಕ ತರಲೇಬೇಕು ಎಂಬುದು ನನ್ನ ವಾದವಲ್ಲ. ಪದಕವಿಲ್ಲದೆಯೂ ದೇಶವೊಂದು ಮಾನವಾಗಿ ಬದುಕಬಹುದು. ಆದರೆ 'ನಮ್ಮ' ಸೋಲು ಎನ್ನಬೇಕಾದರೆ ಆ ಆಟದಲ್ಲಿ ನಮ್ಮದೂ ಏನಾದರೂ ಇರಬೇಕಲ್ಲವೇ? ಸೋತವರನ್ನು ನೋಡಿ ನಾಚಿಕೊಳ್ಳುವ ಹಕ್ಕು ಸುಮ್ಮನೆ ಸಿಗುವುದಿಲ್ಲ. ಗೆಲ್ಲುವ ಮೊದಲು ಅವರ ಆಟ ನೋಡಿದವರಿಗೆ ಅದು ಇರಬಹುದು. ಅಂಥವರಿಗೆ ನಾಚಿಕೆಯಾಗುವುದಿಲ್ಲ, ನೋವಾಗುತ್ತದೆ.

ಆ ಹುಡುಗಿ ತಾಲ್ಲೂಕಿಗೆ ಮೊದಲು ಬಂದ ಸುದ್ದಿ ನನಗೆ ತಿಳಿದದ್ದು ಬೆಳಗಿನ ಪ್ರಾರ್ಥನೆಯಲ್ಲಿ ಹೆಡ್‌ಮಾಸ್ಟರು ಹೇಳಿದಾಗ. ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಅವಳು ಓಡುವುದನ್ನು ಮಾತ್ರ ಒಮ್ಮೆಯೂ ನೋಡಲಿಲ್ಲ.