ಕರುಣೆಯೂ ಕಟ್ಟಳೆಯೂ

ದಾವಣಗೆರೆಯ ಹೊರವಲಯದ ಶಿವಗಂಗೋತ್ರಿಯಲ್ಲಿ, 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾದ ವಿದ್ಯಾಕೇಂದ್ರದಲ್ಲಿ, ಸಮಾಜಕಾರ್ಯವೂ ಒಂದು ಸ್ನಾತಕೋತ್ತರ ವ್ಯಾಸಂಗವಾಗಿರುವುದನ್ನು ಕೇಳಿ, ‘ದಯೆಯನ್ನು ಪರೀಕ್ಷೆಗೆ ಕುಳಿತು ಕಲಿಯಬೇಕೆ?’ ಎನ್ನುವ ಹಿರಿಯರುಂಟು. ಪ್ರಶ್ನೆ ಲಘುವಾದುದಲ್ಲ. ದಾಸೋಹವನ್ನು ಸಾಧನೆಯ ಅಂಗವೆಂದೇ ಬಗೆದ ನಾಡಿನಲ್ಲಿ, ಅಂತಃಕರಣದಿಂದ ತಾನಾಗಿ ಒಸರಬೇಕಾದುದನ್ನು ಅಂಕಪಟ್ಟಿಯಿಂದ ಅಳೆಯಹೊರಟರೆ ಅದು ಬತ್ತೀತೆಂಬ ಭಯ ಸಹಜವಾದುದೇ.

ಆದರೆ ಹರಿಹರಕ್ಕೆ ಹೋಗಿ, ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ವೇಳೆಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಪ್ರಾಕಾರದಲ್ಲಿ ನಿಂತಿರುವ ಶಾಸನಗಳ ಮುಂದೆ ಕ್ಷಣಕಾಲ ನಿಂತರೆ, ಬೇರೊಂದು ವಿಚಾರ ಮನಸ್ಸಿಗೆ ಹೊಳೆಯುತ್ತದೆ. ನಮ್ಮ ಪೂರ್ವಿಕರು ದಾನವನ್ನು ಹೃದಯದ ಪಾಲಿಗಷ್ಟೇ ಬಿಟ್ಟವರಲ್ಲ. ದತ್ತಿಯ ಭೂಮಿಗೆ ಎಲ್ಲೆಗಳನ್ನು ಹೇಳಿ, ಅಪಹರಿಸಿದವನಿಗೆ ಘೋರವಾದ ಶಾಪವನ್ನು ವಿಧಿಸಿ, ಸೂರ್ಯಚಂದ್ರರಿರುವ ತನಕ ಅದು ನಡೆಯಲೆಂದು ಕಲ್ಲಿನಲ್ಲಿ ಕೊರೆಯಿಸಿದರು. ಇಂದಿನ ಔದಾರ್ಯ ನಾಳೆಗೆ ಉಳಿದೀತೆಂಬ ಭರವಸೆ ಅವರಿಗಿರಲಿಲ್ಲ. ಕರುಣೆಗೆ ಕಟ್ಟಳೆಯ ಆಸರೆ ಬೇಕೆಂಬ ಅರಿವು ಹೀಗೆ ನಮ್ಮಲ್ಲಿ ಪ್ರಾಚೀನವಾದುದು. ಒಂದು ಕೊರತೆ ಮಾತ್ರ ಉಳಿಯಿತು: ಶಾಸನದ ಕಣ್ಣಿದ್ದುದು ಕೊಡುವವನ ಪುಣ್ಯದ ಮೇಲೆ. ಶರಣರು ಕೊಡುವವನ ಅಹಂಕಾರವನ್ನು ಕರಗಿಸಿದರು. ಪಡೆಯುವವನ ಹಕ್ಕಿನ ಮಾತು ಬರಲು ಇನ್ನೂ ಬಹುಕಾಲ ಹಿಡಿಯಿತು.

ಆ ಮಾತು ಏಕೆ ಬೇಕೆಂಬುದನ್ನು ಈ ಎರಡು ಊರುಗಳು ಕಷ್ಟಪಟ್ಟು ಕಲಿತಿವೆ. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ, ಹರಿಹರದಲ್ಲಿ ಲೇತ್ ಯಂತ್ರಗಳನ್ನು ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ನಿಂತುಹೋದಾಗ, ಕಾಯಕದಿಂದಲೇ ತಲೆಯೆತ್ತಿ ಬಾಳಿದ ಕುಟುಂಬಗಳಿಗೆ ನೆರೆಯವರ ಮರುಕ ಎಷ್ಟು ದಿನದ ಆಸರೆಯಾದೀತು? ದುಡಿದ ಕೈಯನ್ನು ಚಾಚುವುದು ಹಸಿವಿಗಿಂತಲೂ ಕಠಿನವಾದುದು. ನಿರುದ್ಯೋಗ, ವೃದ್ಧಾಪ್ಯ, ರೋಗ, ಅಂಗವೈಕಲ್ಯಗಳಲ್ಲಿ ಪ್ರಜೆಗೆ ಸಾರ್ವಜನಿಕ ನೆರವು ದೊರೆಯುವಂತೆ ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ಏರ್ಪಾಡು ಮಾಡತಕ್ಕದ್ದೆಂದು ಸಂವಿಧಾನದ 41ನೆಯ ವಿಧಿ ಹೇಳುತ್ತದೆ. ಇಂಥ ನಿರ್ದೇಶಕ ತತ್ತ್ವಗಳನ್ನು ನ್ಯಾಯಾಲಯದ ಮೂಲಕ ಜಾರಿಗೊಳಿಸುವಂತಿಲ್ಲವೆಂದು 37ನೆಯ ವಿಧಿ ತಿಳಿಸುತ್ತದೆ. ಈ ಎರಡರ ನಡುವಣ ಅಂತರವನ್ನು ತುಂಬಬೇಕಾದುದು ನೀತಿ: ಹಣ ಎಲ್ಲಿಂದ, ಯಾರಿಗೆ, ಯಾವ ಪುರಾವೆಯ ಮೇಲೆ ಎಂಬ ನೀರಸವೆಂದು ತೋರುವ ವಿವರಗಳು. ನಾನು ಇವುಗಳನ್ನು ಧರ್ಮಶಾಸ್ತ್ರದ ವಿವರಗಳಷ್ಟೇ ಗಂಭೀರವೆಂದು ಬಗೆಯುತ್ತೇನೆ.

ಸಂಧ್ಯಾ ಸುರಕ್ಷಾ ವೇತನಕ್ಕಾಗಿ ತಾಲ್ಲೂಕು ಕಚೇರಿಗೆ ಬಂದ ವೃದ್ಧೆಯೊಬ್ಬಳ ಅರ್ಜಿ, ಎರಡು ಕಾಗದಗಳಲ್ಲಿ ಹೆಸರು ಹೊಂದದ ಕಾರಣಕ್ಕೆ ಹಿಂದಿರುಗಿತೆನ್ನಿ. ದಯೆಯೊಂದನ್ನೇ ಬಲ್ಲವನು ಅವಳ ಕೈಗೆ ನೂರು ರೂಪಾಯಿ ಇಟ್ಟು ನಡೆದಾನು. ಕ್ಷೇತ್ರಕಾರ್ಯಕ್ಕೆ ಬಂದ ವಿದ್ಯಾರ್ಥಿನಿ ನಿಯಮವನ್ನು ಓದಿ, ತಿದ್ದುಪಡಿಯ ದಾರಿಯನ್ನು ಹುಡುಕಿ, ಅವಳೊಡನೆ ಮತ್ತೆ ಕಿಟಕಿಯ ಮುಂದೆ ನಿಲ್ಲುತ್ತಾಳೆ. ಅವಳ ಪಕ್ಕದಲ್ಲಿ ತಾಳ್ಮೆಯಿಂದ ನಿಲ್ಲುವ ಮನಸ್ಸನ್ನು ಯಾವ ಪಠ್ಯವೂ ಹುಟ್ಟಿಸಲಾರದೆಂಬ ಹಿರಿಯರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಆ ಮನಸ್ಸುಳ್ಳವಳಿಗೆ ನಿಯಮದ ಜ್ಞಾನವಿಲ್ಲದಿದ್ದರೆ, ಮುಂದಿನ ತಿಂಗಳೂ ವೃದ್ಧೆಯ ವೇತನ ಬರುವುದಿಲ್ಲ.