ಅದತ್ತಾದಾನ ಮತ್ತು ಭೂಸ್ವಾಧೀನ

ಒಡೆಯನು ಮನಃಪೂರ್ವಕವಾಗಿ ಕೊಡದ ವಸ್ತುವಿಗೆ ಕೈಯೊಡ್ಡದಿರುವುದು ಅಚೌರ್ಯಾಣುವ್ರತದ ತಿರುಳು. ಕಳ್ಳನ ವಿಷಯದಲ್ಲಿ ಈ ವ್ರತದ ಅರ್ಥ ಸ್ಪಷ್ಟ. ಆದರೆ ಹೆದ್ದಾರಿಗಾಗಿ, ಜಲಾಶಯಕ್ಕಾಗಿ ಸರಕಾರವು ಕಾನೂನಿನ ಬಲದಿಂದ ರೈತನ ಹೊಲವನ್ನು ಪಡೆದಾಗ ಅದು ಅದತ್ತಾದಾನವಾಗುವುದೇ?

ಬೆಲ್ಲದ ಬಾಗೇವಾಡಿಯ ಸೀಮೆಗೆ ಈ ಪ್ರಶ್ನೆ ದೂರದ್ದಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಅಣೆಕಟ್ಟು ಕಟ್ಟಿದಾಗ ಕೆಲವರ ಮನೆ-ಹೊಲಗಳು ನೀರಿನಲ್ಲಿ ಮುಳುಗಿದವು. ಅದೇ ನೀರಿನಿಂದ ಅನ್ಯರ ಕಬ್ಬು ಬೆಳೆಯಿತು. ಆದುದರಿಂದ ಲೋಕೋಪಯೋಗಿ ಕಾರ್ಯವೆಲ್ಲ ಪಾಪವೆನ್ನಲಾಗದು. ಫಲವನ್ನುಂಡವರು ತಾವು ನಿರ್ಲಿಪ್ತರೆನ್ನಲೂ ಆಗದು.

ಬೆಳಗಾವಿಯ ಹೊರವಲಯದ ಹಲಗಾ–ಮಚ್ಛೆ ಬೈಪಾಸ್ ರಸ್ತೆಗೆ ಗುರುತಿಸಿದ್ದು ಫಲವತ್ತಾದ ಭೂಮಿ. ಅಲ್ಲಿಯ ರೈತರು ನ್ಯಾಯಾಲಯದ ಮೊರೆಹೊಕ್ಕು ತಡೆಯಾಜ್ಞೆ ಪಡೆದರು. 2021ರ ನವೆಂಬರಿನಲ್ಲಿ ಪೊಲೀಸ್ ಕಾವಲಿನಲ್ಲಿ ಕಾಮಗಾರಿ ನಡೆದಾಗ ಪ್ರತಿಭಟಿಸಿದರು. ಇಂಥ ರೈತರನ್ನು ಪ್ರಗತಿಯ ವಿರೋಧಿಗಳೆಂದು ಹಳಿಯುವುದು ಸುಲಭ. ಆದರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯಂತೆ ಅಧಿಸೂಚನೆ ಹೊರಟ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು; ಒಡೆಯನ ಒಪ್ಪಿಗೆಯ ಪ್ರಶ್ನೆಯೇ ಅಲ್ಲಿಲ್ಲ. 2013ರ ಭೂಸ್ವಾಧೀನ ಕಾಯಿದೆಯು ಖಾಸಗಿ ಕಂಪನಿಗಳಿಗೆ ಭೂಮಿ ಪಡೆಯುವಾಗ ಶೇಕಡಾ 80ರಷ್ಟು ಬಾಧಿತ ಕುಟುಂಬಗಳ ಸಮ್ಮತಿಯನ್ನು ಬಯಸುತ್ತದೆ; ಸರಕಾರವು ತನಗಾಗಿಯೇ ಪಡೆಯುವಾಗ ಬಯಸುವುದಿಲ್ಲ.

ಹಾಗಾದರೆ ಬೆಲೆ ತೆತ್ತ ಮಾತ್ರಕ್ಕೆ ಪಡೆದದ್ದು 'ದತ್ತ'ವಾದೀತೆ? 1978ರ ತಿದ್ದುಪಡಿಯಿಂದ ಆಸ್ತಿಯು ಮೂಲಭೂತ ಹಕ್ಕಾಗಿ ಉಳಿಯದಿದ್ದರೂ, ಸಂವಿಧಾನದ 300ಎ ವಿಧಿಯು ಅದನ್ನು ಕಾಯುತ್ತದೆ. ಕೋಲ್ಕತ್ತಾ ಮಹಾನಗರ ಪಾಲಿಕೆಯ ಮೊಕದ್ದಮೆಯಲ್ಲಿ 2024ರ ಮೇ 16ರಂದು ಸರ್ವೋಚ್ಚ ನ್ಯಾಯಾಲಯವು ಈ ವಿಧಿಯಲ್ಲಿ ಏಳು ಹಕ್ಕುಗಳನ್ನು ಕಂಡಿತು: ಸೂಚನೆ, ಅಹವಾಲು ಕೇಳುವಿಕೆ, ಸಕಾರಣ ನಿರ್ಣಯ, ಸಾರ್ವಜನಿಕ ಉದ್ದೇಶ, ನ್ಯಾಯವಾದ ಪರಿಹಾರ, ವಿಳಂಬವಿಲ್ಲದ ನಡಾವಳಿ, ಅಂತಿಮ ಇತ್ಯರ್ಥ. ಪರಿಹಾರವು ಏಳರಲ್ಲಿ ಒಂದು ಮಾತ್ರ. ಒಡೆಯನ ಮಾತನ್ನು ನಿಜವಾಗಿ ಕೇಳಿದಾಗ, ಕಾರಣ ಹೇಳಿ ಪಡೆದಾಗ, ಆ ಸ್ವಾಧೀನವು ದಾನವಾಗದಿದ್ದರೂ ಅಪಹರಣವಾಗುವುದಿಲ್ಲ. ರೈತನು ಹೂಡುವ ದಾವೆಯು ಹಟವಲ್ಲ; ಕೇಳದವರಿಗೆ ಕೇಳುವ ಕರ್ತವ್ಯವನ್ನು ನೆನಪಿಸುವ ಅಹಿಂಸಾ ಮಾರ್ಗ.

ತೂಕ-ಅಳತೆಗಳಲ್ಲಿ ಮೋಸವನ್ನು ಆಚಾರ್ಯರು ಈ ವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಕಪ್ಪು ಎರೆಭೂಮಿಗೆ ಬಂಜರು ನೆಲದ ಬೆಲೆ ಕಟ್ಟುವುದು ಸುಳ್ಳು ತಕ್ಕಡಿಯೇ. ಅಧಿಸೂಚನೆ ಬಂದ ಮೇಲೆ ಪರಿಹಾರದ ಆಸೆಯಿಂದ ಗಿಡ ನೆಟ್ಟು ಹಳೆಯ ತೋಟವೆನ್ನುವುದೂ ಸುಳ್ಳು ತಕ್ಕಡಿಯೇ. ಬಸದಿಯ ಹೊಲಕ್ಕೆ ಪರಿಹಾರ ಬಂದಾಗ, ತಲೆಮಾರುಗಳಿಂದ ಅದನ್ನು ಉತ್ತವನ ಪಾಲನ್ನು ಮರೆಯುವ ಟ್ರಸ್ಟು ಸಹ ಅದೇ ತಕ್ಕಡಿಯನ್ನು ಹಿಡಿಯುತ್ತದೆ.

ಕಾನೂನು ಕೇಳುವುದು ಅಧಿಕಾರವಿದೆಯೇ ಎಂದು. ವ್ರತ ಕೇಳುವುದು ಕೊಟ್ಟವರು ಯಾರು, ಎಂತು ಕೊಟ್ಟರು ಎಂದು. ರಸ್ತೆ ಮಾಡುವವರೂ ಅದರ ಮೇಲೆ ಸಾಗುವ ಶ್ರಾವಕರೂ ಎರಡನೆಯ ಪ್ರಶ್ನೆಗೆ ಉತ್ತರಿಸಬೇಕಾಗಿದೆ.