ಊರಿನಿಂದ ಏನು ತರಬೇಕು?

ಮುಂಬಯಿಯ ನಮ್ಮ ಸರ್ಕಾರಿ ವಸತಿಯ ಮುಂದಿನ ಕೋಣೆಯಲ್ಲಿ ಒಂದು ಗಾಜಿನ ಕಪಾಟು ಇದೆ. ಮನೆಗೆ ಬಂದವರು ಮೊದಲು ನೋಡುವುದು ಅದನ್ನೇ. ನೋಡಿ ಸ್ವಲ್ಪ ನಿರಾಶರಾಗುವುದೂ ಉಂಟು. ಏಕೆಂದರೆ ಅದರಲ್ಲಿ ಚನ್ನಪಟ್ಟಣದ ಬೊಂಬೆಯಿಲ್ಲ, ಬಿದರಿಯ ಹೂದಾನಿಯಿಲ್ಲ, ಅಮೃತಶಿಲೆಯ ಪುಟ್ಟ ತಾಜಮಹಲೂ ಇಲ್ಲ. ಇರುವುದು ರಟ್ಟಿಗೆ ಅಂಟಿಸಿದ ಅಶ್ವತ್ಥದ ಎಲೆಯ ಜಾಲರಿ, ತೆಂಗಿನ ನಾರಿನಿಂದ ಹೆಣೆದ ಒಂದು ಸೊಟ್ಟ ದೋಣಿ, ಮಾಥೇರಾನಿನ ಕೆಂಪು ಮಣ್ಣನ್ನು ಗೋಂದಿನಲ್ಲಿ ಕಲಸಿ ಬಳಿದ ಕುದುರೆಯ ಚಿತ್ರ. ಕುದುರೆಗೆ ಐದು ಕಾಲಿರುವಂತೆ ಕಾಣುತ್ತದೆ. ಐದನೆಯದು ಬಾಲವೆಂದು ನಮ್ಮ ಮಗಳ ವಾದ.

ಪ್ರವಾಸ ಹೋದಲ್ಲಿ ನೆನಪಿನ ಸಾಮಾನು ಕೊಳ್ಳಬಾರದು, ಕೈಯಾರೆ ಏನಾದರೂ ಮಾಡಬೇಕು ಎಂಬುದು ನಮ್ಮ ಮನೆಯ ಕಟ್ಟಳೆ. ಇದರ ಮೂಲ ತತ್ತ್ವಜ್ಞಾನವಲ್ಲ, ಗುಮಾಸ್ತನ ಸಂಬಳ ಎಂದು ಮೊದಲೇ ಒಪ್ಪಿಕೊಂಡುಬಿಡುವುದು ಮೇಲು. ಆದರೆ ರೂಢಿಯಾದ ಮೇಲೆ ಅದರಲ್ಲಿ ಒಂದು ಅರ್ಥವೂ ಕಾಣತೊಡಗಿತು. ಮಹಾಬಳೇಶ್ವರದಲ್ಲಿ ಕೊಂಡ ಕೀಲಿಗೊಂಚಲನ್ನೇ ಊಟಿಯಲ್ಲಿಯೂ ಮಾರುತ್ತಾರೆ. ಮೇಲಿನ ಹೆಸರು ಮಾತ್ರ ಬೇರೆ. ಫೋನಿನಲ್ಲಿ ತೆಗೆದ ಇನ್ನೂರು ಚಿತ್ರಗಳನ್ನು ಊರಿಗೆ ಮರಳಿದ ಮೇಲೆ ಎರಡನೆಯ ಸಲ ನೋಡಿದವರು ನಮ್ಮಲ್ಲಿ ಎಷ್ಟು ಜನ? ಆದರೆ ನಾಸಿಕದ ಗೋದಾವರಿಯ ದಂಡೆಯಲ್ಲಿ ಉದುರಿದ್ದ ಆ ಎಲೆಯನ್ನು ಎರಡು ಮೂರು ವಾರ ನೀರಿನಲ್ಲಿ ನೆನೆಹಾಕಿ, ಕೊಳೆತ ಹಸಿರನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮೆಲ್ಲನೆ ತಿಕ್ಕಿ ನರಗಳನ್ನಷ್ಟೇ ಉಳಿಸಿಕೊಂಡ ಹುಡುಗಿ ನಾಸಿಕವನ್ನು ಮರೆಯಲಾರಳು. ಅಷ್ಟು ದಿನ ಮನೆಯಲ್ಲಿ ಹರಡಿದ್ದ ವಾಸನೆಯಿಂದ ನಾವೂ ಮರೆಯಲಾರೆವು.

ಇನ್ನೊಂದು ಕಾರಣವೂ ಇತ್ತೆನ್ನಿ. ಪ್ರವಾಸದ ಟಿಕೀಟು, ಬೋರ್ಡಿಂಗ್ ಪಾಸುಗಳನ್ನು ಆಲ್ಬಮ್ಮಿನಲ್ಲಿ ಅಂಟಿಸುವ ಭಾಗ್ಯ ನಮ್ಮಂಥವರಿಗೆ ಇಲ್ಲ. ರಜಾ ಪ್ರಯಾಣ ರಿಯಾಯಿತಿ, ಅಂದರೆ ಎಲ್.ಟಿ.ಸಿ.ಯಲ್ಲಿ ಹೋಗಿಬಂದವರು ಅವನ್ನೆಲ್ಲ ಬಿಲ್ಲಿಗೆ ಲಗತ್ತಿಸಿ ಕಚೇರಿಗೆ ಒಪ್ಪಿಸಬೇಕು. ನಮ್ಮ ಪ್ರವಾಸದ ಅಧಿಕೃತ ಸ್ಮಾರಕಗಳು ಯಾವುದೋ ಕಡತದಲ್ಲಿ ಸುರಕ್ಷಿತವಾಗಿವೆ.

ಹೀಗೆ ನಿರುಪದ್ರವಿಯಾಗಿ ಸಾಗಿದ್ದ ಈ ಹವ್ಯಾಸ ಎರಡು ಸಂದರ್ಭಗಳಲ್ಲಿ ನಮ್ಮನ್ನು ಪ್ರಶ್ನೆ ಕೇಳಿತು. ಮೊದಲನೆಯದು ಸುಲಭದ್ದು. ಎರಡನೆಯದಕ್ಕೆ ಉತ್ತರ ಇಂದಿಗೂ ಹೊಳೆದಿಲ್ಲ. ಈ ಲೇಖನ ಬರೆಯುವುದಕ್ಕೆ ಅದೇ ಕಾರಣ.

೨೦೨೨ರ ಡಿಸೆಂಬರಿನಲ್ಲಿ ನಾವು ಅಂಡಮಾನಿಗೆ ಹೋದೆವು. ಆಗ ಪೋರ್ಟ್ ಬ್ಲೇರ್ ಎನಿಸಿಕೊಂಡಿದ್ದ ಊರು ೨೦೨೪ರಿಂದ ಶ್ರೀ ವಿಜಯಪುರಂ ಆಗಿದೆ. ಸೆಲ್ಯುಲರ್ ಜೈಲನ್ನು ನೋಡಿ, ಮರುದಿನ ಸ್ವರಾಜ್ ದ್ವೀಪದ ರಾಧಾನಗರ ತೀರದಲ್ಲಿ ಮಗಳು ಫ್ರಾಕಿನ ಉಡಿ ತುಂಬ ಚಿಪ್ಪು ಆಯ್ದಳು. ಅವನ್ನು ಪೋಣಿಸಿ ಕಿಟಕಿಗೆ ತೂಗುಹಾಕುವ ಯೋಜನೆ. ಸಂಜೆ ನೋಡುವಾಗ ಅವುಗಳಲ್ಲಿ ಒಂದು ಕಾಗದದ ಮೇಲೆ ನಡೆಯತೊಡಗಿತ್ತು. ತನ್ನ ಬೆನ್ನಿಗೆ ಸ್ವಂತ ಚಿಪ್ಪಿಲ್ಲದ ಒಂದು ಜಾತಿಯ ಏಡಿಯಿದೆ. ಸತ್ತ ಶಂಖದ ಹುಳು ಬಿಟ್ಟುಹೋದ ಚಿಪ್ಪಿನಲ್ಲಿ ಅದು ಸಂಸಾರ ಹೂಡುತ್ತದೆ; ಮೈ ಬೆಳೆದಂತೆ ಹಳೆಯದನ್ನು ಬಿಟ್ಟು ದೊಡ್ಡದನ್ನು ಹುಡುಕುತ್ತದೆ. ಟೈಪ್ ಒಂದರ ಕ್ವಾರ್ಟರ್ಸಿನಲ್ಲಿದ್ದು ಟೈಪ್ ಎರಡಕ್ಕೆ ಸರದಿ ಕಾಯುವ ನಮ್ಮಂಥವರಿಗೆ ಅದರ ಕಷ್ಟ ಬೇರೆಯವರು ಹೇಳಬೇಕಾಗಿಲ್ಲ. ಖಾಲಿ ಚಿಪ್ಪು ಎಂದು ನಾವು ತಿಳಿದದ್ದು ಯಾರದೋ ಮುಂದಿನ ಮನೆ. ಮೇಲಾಗಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ ೨೦೦೧ರಲ್ಲಿ ಕೆಲವು ಜಾತಿಯ ಚಿಪ್ಪುಗಳೂ ಸೇರಿವೆ. ಬಿ.ಎಸ್ಸಿ. ಓದಿದವರಿಗೆ ಇದು ಮುಂಚೆಯೇ ಹೊಳೆಯಬೇಕಿತ್ತು. ಮರುದಿನ ಬೆಳಿಗ್ಗೆ ಎಲ್ಲವನ್ನೂ ಅದೇ ತೀರಕ್ಕೆ ಹಿಂತಿರುಗಿಸಿ, ಬದಲಿಗೆ ಬಿದ್ದಿದ್ದ ತೆಂಗಿನ ನಾರು ತಂದೆವು. ಆ ಸೊಟ್ಟ ದೋಣಿ ಹುಟ್ಟಿದ್ದು ಹಾಗೆ. ಕೈಯಿಂದ ಮಾಡಿದೆವೆಂದ ಮಾತ್ರಕ್ಕೆ ಕಚ್ಚಾವಸ್ತು ನಮ್ಮದಾಗುವುದಿಲ್ಲ ಎಂಬ ಪಾಠವನ್ನು ಇಷ್ಟು ಅಗ್ಗವಾಗಿ ಕಲಿತದ್ದು ನಮ್ಮ ಪುಣ್ಯ.

ಇನ್ನು ಎರಡನೆಯದು. ಅದಕ್ಕೆ ಮುಂಚೆ ಕಚೇರಿಯ ನಿಯಮವೊಂದನ್ನು ಹೇಳಬೇಕು. ೧೯೮೮ರ ಎಲ್.ಟಿ.ಸಿ. ನಿಯಮಾವಳಿಯಂತೆ ಕೇಂದ್ರ ಸರ್ಕಾರದ ನೌಕರನು ಎರಡು ವರ್ಷಕ್ಕೊಮ್ಮೆ ಕುಟುಂಬದೊಡನೆ ‘ಸ್ವಂತ ಊರಿಗೆ’ ಹೋಗಿಬರಬಹುದು. ಸ್ವಂತ ಊರು ಯಾವುದೆಂದು ನೌಕರಿಗೆ ಸೇರಿದಾಗ ಘೋಷಿಸಬೇಕು; ಮೇಲಧಿಕಾರಿ ಅದನ್ನು ಅಂಗೀಕರಿಸಬೇಕು. ಬದಲಿಸುವ ಅವಕಾಶ ಇಡೀ ಸೇವಾವಧಿಯಲ್ಲಿ ಒಂದೇ ಸಲ. ಬದಲಿಸಲು ಕೇಳಿದರೆ ಅಲ್ಲಿ ನಿಮಗೆ ಆಸ್ತಿಯಿದೆಯೆ, ಹತ್ತಿರದ ಬಂಧುಗಳಿದ್ದಾರೆಯೆ, ಮನೆಯ ಹೊಣೆ ಹೊರಲು ಅಲ್ಲಿಗೆ ಹೋಗಬೇಕಾಗುತ್ತದೆಯೆ ಎಂದು ವಿಚಾರಿಸುತ್ತಾರೆ. ಇಂಥ ಬಿಲ್ಲುಗಳನ್ನು ತಪಾಸಣೆ ಮಾಡುವುದೇ ನಮ್ಮ ಮೇಜಿನ ಕೆಲಸ. ಒಬ್ಬ ಮನುಷ್ಯನಿಗೆ ಒಂದು ಊರು ಏಕೆ ಸ್ವಂತವಾಗುತ್ತದೆ ಎಂಬುದಕ್ಕೆ ತತ್ತ್ವಜ್ಞಾನಿಗಳು ಇದಕ್ಕಿಂತ ಒಳ್ಳೆಯ ಪ್ರಶ್ನಾವಳಿ ಬರೆದಿದ್ದಾರೆಯೇ ಎಂದು ನಮಗೆ ಸಂದೇಹ.

ನಮ್ಮ ಸೇವಾ ಪುಸ್ತಕದಲ್ಲಿರುವುದು ಧಾರವಾಡ ಜಿಲ್ಲೆ ನವಲಗುಂದ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಅವ್ವ ಇದ್ದಾಳೆ, ಅಣ್ಣ ಅತ್ತಿಗೆ ಇದ್ದಾರೆ, ಎರೆಹೊಲವಿದೆ. ಆದರೆ ಸ್ವಂತ ಊರಿನ ಪ್ರಯಾಣವನ್ನು ಬಿಟ್ಟುಕೊಟ್ಟು ಅದರ ಬದಲಿಗೆ ಅಂಡಮಾನಿಗೋ ಈಶಾನ್ಯ ರಾಜ್ಯಗಳಿಗೋ ಕಾಶ್ಮೀರಕ್ಕೋ ಹೋಗುವ ಅವಕಾಶವನ್ನೂ ಸರ್ಕಾರ ಕೊಟ್ಟಿತ್ತು. ವಾಚಕರಿಗೆ ಈಗ ಅರ್ಥವಾಗಿರಬೇಕು. ನಾವು ಅಂಡಮಾನಿಗೆ ಹೋದದ್ದು ಊರಿನ ಪ್ರಯಾಣವನ್ನು ಕೊಟ್ಟು. ಅದರಲ್ಲಿ ಅಕ್ರಮವೇನೂ ಇರಲಿಲ್ಲ. ಅವ್ವನಿಗೆ ಫೋನಿನಲ್ಲಿ ಹೇಳುವಾಗ ಮಾತ್ರ “ಸರ್ಕಾರದವ್ರ ಕಳಸಾಕತ್ತಾರ” ಎಂದಿದ್ದೆವು.

ಮುಂದಿನ ವರ್ಷ, ೨೦೨೩ರ ಜೂನಿನಲ್ಲಿ, ಮನಸ್ಸು ತಡೆಯದೆ ಸ್ವಂತ ಖರ್ಚಿನಲ್ಲಿ ಊರಿಗೆ ಹೋದೆವು. ಮಣ್ಣೆತ್ತಿನ ಅಮಾವಾಸ್ಯೆ ಎದುರಿಗಿತ್ತು. ದಕ್ಷಿಣದ ಜಿಲ್ಲೆಗಳ ವಾಚಕರಿಗಾಗಿ ಒಂದು ಮಾತು: ಜ್ಯೇಷ್ಠದ ಅಮಾವಾಸ್ಯೆಯಂದು ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಎರೆಮಣ್ಣಿನಿಂದ ಒಂದು ಜೋಡಿ ಎತ್ತು, ಅವುಗಳ ಮುಂದೊಂದು ಗೋದಲಿ ಮಾಡಿ ಪೂಜಿಸುತ್ತಾರೆ. ನಮ್ಮ ಮನೆಯಲ್ಲಿ ನಿಜವಾದ ಎತ್ತುಗಳಿಲ್ಲದೆ ಎಷ್ಟೋ ವರ್ಷಗಳಾದವು. ಹೊಲಕ್ಕೆ ಬಾಡಿಗೆಯ ಟ್ರ್ಯಾಕ್ಟರು ಬರುತ್ತದೆ. ಅವ್ವ ಮಾತ್ರ ಮಣ್ಣಿನ ಜೋಡಿ ತಪ್ಪಿಸಿಲ್ಲ. ಆ ವರ್ಷ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಣ್ಣು ಮಿದಿಯುವುದನ್ನು, ಹಿಣಿಲು ಎತ್ತರಿಸುವುದನ್ನು, ಕಣ್ಣಿಗೆ ಗುಲಗಂಜಿ ಒತ್ತುವುದನ್ನು ಹೇಳಿಕೊಟ್ಟಳು. ನಾಲ್ಕೇ ಕಾಲಿನ, ಯಾರು ನೋಡಿದರೂ ಎತ್ತು ಎನ್ನುವಂಥ ಎತ್ತು ಮಗಳ ಕೈಯಲ್ಲಿ ಮೊದಲ ಸಲ ಮೂಡಿತು. ಪೂಜೆಯಾಯಿತು, ಹೋಳಿಗೆಯಾಯಿತು. ಮೂರನೆಯ ದಿನ ನಾವು ಹೊರಡಬೇಕು. ಮಗಳು ಎತ್ತುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಚೀಲದಲ್ಲಿಡುತ್ತಿದ್ದಳು.

“ಅವನ್ನ ಎಲ್ಲಿ ಒಯ್ತೀ ಕೂಸ? ನೀರಿಗೆ ಬಿಡಬೇಕಲಾ” ಎಂದಳು ಅವ್ವ.

“ನೆನಪಿಗೆ, ಆಯಿ. ನಮ್ಮ ಕಪಾಟಿನ್ಯಾಗ ಇಡ್ತೀನಿ.”

ಅವ್ವ ಮಗಳಿಗೆ ಏನೂ ಹೇಳಲಿಲ್ಲ. ನಮ್ಮ ಕಡೆ ತಿರುಗಿ, “ಯಪ್ಪಾ, ನೆನಪಿಗಂತ ಯಾವಾಗ ಒಯ್ತಾರ? ಹೊಳ್ಳಿ ಬರಾಕ ಆಗೂದಿಲ್ಲ ಅಂದಾಗ. ನೀವೇನ ಇನ್ನ ಬರೂದಿಲ್ಲೇನ?” ಎಂದಳು.

ಇದಕ್ಕೆ ಉತ್ತರವಾಗಿ ನಾವು ಏನೇನೋ ಹೇಳಿದೆವು. ಮಗು ಮೊದಲ ಸಲ ಮಾಡಿದ್ದೆಂದೆವು, ಎಲ್ಲ ಊರಿನದೂ ಇದೆ, ನಮ್ಮೂರಿನದೂ ಒಂದಿರಲಿ ಎಂದೆವು. ಆ ಕೊನೆಯ ಮಾತು ಬಾಯಿಂದ ಹೊರಟಾಗಲೇ ಅದು ಎಷ್ಟು ಕೆಟ್ಟದಾಗಿ ಕೇಳಿಸಿತೆಂದು ತಿಳಿಯಿತು. ನಾಸಿಕ, ಮಾಥೇರಾನ್, ಅಂಡಮಾನ್, ಆ ಸಾಲಿನಲ್ಲಿ ಇನ್ನು ನಮ್ಮ ಹಳ್ಳಿ! ನೋಡಿಬಂದ ಸ್ಥಳಗಳ ಪಟ್ಟಿಗೆ ಅವ್ವನ ಅಂಗಳವನ್ನು ಸೇರಿಸಲು ನಾವೇ ಗಾಜಿನ ಹಿಂದೆ ಜಾಗ ಮಾಡುತ್ತಿದ್ದೆವು.

ಹೊರನಾಡಿನಲ್ಲಿರುವ ನಮ್ಮೆಲ್ಲರ ಮನೆಯಲ್ಲಿಯೂ ಇಂಥದೊಂದು ಕಪಾಟು ಇರುತ್ತದೆ. ಒಬ್ಬರ ಮನೆಯಲ್ಲಿ ಯಕ್ಷಗಾನದ ಮುಖವಾಡ, ಇನ್ನೊಬ್ಬರಲ್ಲಿ ಅಡಿಕೆ ಹಾಳೆಯ ಟೊಪ್ಪಿಗೆ, ಮತ್ತೊಬ್ಬರಲ್ಲಿ ಅಜ್ಜಿಯ ಹಳೆಯ ಸೀರೆಗಳಿಂದ ಹೊಲಿದ ಕೌದಿ. ಆ ಕೌದಿ ಹೊದೆಯುವುದಕ್ಕೆಂದು ಹೊಲಿದದ್ದು. ಈಗ ಗೋಡೆಯಲ್ಲಿ ತೂಗುತ್ತಿದೆ. ಇದನ್ನು ಆಕ್ಷೇಪಿಸುವಷ್ಟು ಶುದ್ಧರು ನಾವಲ್ಲ. ಮಕ್ಕಳಿಗೆ ಊರಿನದೊಂದು ವಸ್ತುವಾದರೂ ಕಣ್ಣಿಗೆ ಬೀಳಲಿ ಎಂಬ ಹಂಬಲ ಸುಳ್ಳಲ್ಲ. ಆದರೂ ಊರಿಗೆ ಹೋಗದಿರುವುದನ್ನು ಸಹ್ಯವಾಗಿಸುವ ಔಷಧ ಅದರಲ್ಲಿ ಇಲ್ಲವೆಂದು ಎದೆಮುಟ್ಟಿ ಹೇಳಬಲ್ಲೆವೆ? ಗೋಡೆಯ ಕೌದಿಯನ್ನು ನೋಡಿ “ಎಷ್ಟು ಚೆನ್ನಾಗಿದೆ” ಎಂದವರಿಗೆ ಅಜ್ಜಿಯ ವಿಷಯ ಹೇಳಿ ಕಣ್ಣು ತುಂಬಿಕೊಳ್ಳುವುದು, ರಜೆ ಹಾಕಿ ರೈಲು ಹತ್ತಿ ಅಜ್ಜಿಯ ಎದುರು ಕೂಡುವುದಕ್ಕಿಂತ ಸುಲಭ. ಖರ್ಚೂ ಕಡಿಮೆ.

ಹಿಂದಿನವರು ಪ್ರಯಾಣವನ್ನು ನೆನಪಿಡುತ್ತಿದ್ದ ರೀತಿ ಬೇರೆಯಿತ್ತು. ಕಾಶಿಗೆ ಹೋದವರು ಅಲ್ಲಿ ಒಂದು ಹಣ್ಣು, ಒಂದು ಕಾಯಿಪಲ್ಯ ಬಿಟ್ಟು ಬರುತ್ತಿದ್ದರು. ಜೀವವಿರುವವರೆಗೆ ಅದನ್ನು ಮತ್ತೆ ತಿನ್ನುವಂತಿಲ್ಲ. ತಟ್ಟೆಗೆ ಆ ಪಲ್ಯ ಬಂದಾಗಲೆಲ್ಲ ಕಾಶಿಯ ನೆನಪು. ಇಷ್ಟವಾದುದನ್ನೇ ಬಿಡಬೇಕೆಂಬ ನಿಯಮವನ್ನು ಜಾಣರು ಮರೆತು ಹಾಗಲಕಾಯಿ ಬಿಡುತ್ತಿದ್ದದ್ದೂ ಉಂಟು, ಆ ಮಾತು ಬೇರೆ. ತಾಮ್ರದ ಗಿಂಡಿಯಲ್ಲಿ ತಂದ ಗಂಗೆಯನ್ನೂ ಕಪಾಟಿನಲ್ಲಿ ಮೆರೆಸುತ್ತಿರಲಿಲ್ಲ. ಸಮಾರಾಧನೆ ಮಾಡಿ ನೆಂಟರಿಷ್ಟರಿಗೆ ಹಂಚುತ್ತಿದ್ದರು, ಉಳಿದದ್ದು ಸಾಯುವವರ ಬಾಯಿಗೆ. ನಮ್ಮ ಕಡೆ ಮಣ್ಣಿನಿಂದ ಮಾಡುವ ಎತ್ತು, ಗುಳ್ಳವ್ವ, ನಾಗಪ್ಪ, ಗಣಪತಿ, ಜೋಕುಮಾರ ಎಲ್ಲಕ್ಕೂ ಕೊನೆಯ ಗತಿ ಒಂದೇ: ತಿರುಗಿ ಮಣ್ಣಾಗುವುದು. ಮಾಡುವುದು ನಮ್ಮದು, ಇಟ್ಟುಕೊಳ್ಳುವುದು ನಮ್ಮದಲ್ಲ.

ಆ ದಿನ ನಮ್ಮ ಮನೆಯವರು ಒಂದು ರಾಜಿ ಸೂಚಿಸಿದರು. ಒಂದು ಎತ್ತನ್ನು ಬಿಟ್ಟು ಇನ್ನೊಂದನ್ನು ಕುಂಬಾರರ ಆವಿಗೆಯಲ್ಲಿ ಸುಡಿಸಿ ಒಯ್ದರಾಗದೆ? ಟೊಳ್ಳಿಲ್ಲದ ದಪ್ಪ ಮಣ್ಣು, ಒಳಗಿನ ತೇವ ಆವಿಯಾಗಿ ಬೆಂಕಿಯಲ್ಲಿ ಸಿಡಿಯಬಹುದು ಎಂದು ನಮ್ಮೊಳಗಿನ ಬಿ.ಎಸ್ಸಿ. ಹೇಳಿತು. ಸಿಡಿಯದಿದ್ದರೂ ಇನ್ನೊಂದು ತೊಡಕಿದೆ. ಬಿಸಿಲಲ್ಲಿ ಒಣಗಿದ ಮಣ್ಣು ನೀರು ಸೋಕಿದರೆ ಮತ್ತೆ ಕೆಸರಾಗುತ್ತದೆ. ಐನೂರು ಆರುನೂರು ಡಿಗ್ರಿ ಶಾಖ ದಾಟಿತೆಂದರೆ ಜೇಡಿಯ ಕಣಗಳ ರಚನೆಯಲ್ಲಿಯೇ ಸೇರಿಕೊಂಡಿರುವ ನೀರು ಹೊರಟುಹೋಗುತ್ತದೆ. ಆಮೇಲೆ ನೂರು ವರ್ಷ ನೀರಿನಲ್ಲಿಟ್ಟರೂ ಅದು ನಾದುವ ಮಣ್ಣಾಗದು. ಗಟ್ಟಿಯಾಗುತ್ತದೆ, ನಿಜ. ಅದಕ್ಕೆ ಕೊಡುವ ಬೆಲೆ ಅದು. ಅವ್ವನಿಗೆ ಇದನ್ನು ವಿವರಿಸಲು ಹೋದೆವು. “ಗೊತ್ತೈತಿ ಬಿಡು, ಗಡಿಗಿ ಒಡದ್ರ ಎತ್ತ ಮಾಡಾಕ ಬರೂದಿಲ್ಲ” ಎಂದುಬಿಟ್ಟಳು.

ಆ ವರ್ಷ ಮುಂಗಾರು ತಡವಾಗಿ, ಬೆಣ್ಣೆಹಳ್ಳದಲ್ಲಿ ನೀರಿರಲಿಲ್ಲ. ಹಿತ್ತಲಲ್ಲಿ ಒಂದು ಬಕೆಟ್ಟಿನ ನೀರಿಗೆ ಎತ್ತುಗಳನ್ನು ಬಿಟ್ಟದ್ದಾಯಿತು. ಮಗಳು ಅತ್ತಳು. ಎರೆಮಣ್ಣು ಕರಗುವುದು ನಿಧಾನ; ಮೊದಲು ಗುಲಗಂಜಿಯ ಕಣ್ಣು ಕಳಚಿದವು, ಆಮೇಲೆ ಕೋಡು, ಹಿಣಿಲು ಕೊನೆಯವರೆಗೂ ಉಳಿದಿತ್ತು. ಅವ್ವ ಅವಳ ಕಣ್ಣೊರೆಸಿ, ಹೊಲದ ಬದುವಿನಿಂದ ಅಗೆಸಿದ ಒಂದು ಮುದ್ದೆ ಹಸಿ ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟಳು. “ಅಲ್ಲೇ ಮಾಡು. ಮಾಡಿ, ಬಿಡು.”

ಮುಂಬಯಿಯಲ್ಲಿ ೨೦೨೪ರ ಅಮಾವಾಸ್ಯೆಗೆ ಆ ಮಣ್ಣಿನಿಂದ ಜೋಡಿ ಎತ್ತು ಆದವು. ಪೂಜೆ ಮಾಡಿ, ಬಕೆಟ್ಟಿನಲ್ಲಿ ಕರಗಿಸಿ, ತಿಳಿನೀರು ಬಸಿದು, ಕೆಸರನ್ನು ಬಾಲ್ಕನಿಯ ಖಾಲಿ ಕುಂಡದಲ್ಲಿ ಒಣಗಿಸಿಟ್ಟೆವು. ೨೦೨೫ರಲ್ಲಿ ಅದನ್ನೇ ನೆನೆಸಿ ಮತ್ತೆ ಮಾಡಿದಳು. ನೀರಿನಲ್ಲಿ, ಕೈಯಲ್ಲಿ, ಬಕೆಟ್ಟಿನ ತಳದಲ್ಲಿ ಪ್ರತಿ ಸಲ ಸ್ವಲ್ಪ ಹೋಗುತ್ತದೆ. ಎರಡನೆಯ ವರ್ಷದ ಎತ್ತುಗಳು ಕರುಗಳಂತೆ ಕಾಣುತ್ತಿದ್ದವು, ಗೋದಲಿಗೆ ಮಣ್ಣು ಸಾಲಲಿಲ್ಲ. ಪಕ್ಕದ ಕುಂಡದ ಕೆಮ್ಮಣ್ಣು ಬೆರೆಸಿದರೆ ಆಗುತ್ತದೆಯೇ ಎಂದು ಮಗಳು ಫೋನಿನಲ್ಲಿ ಕೇಳಿದಾಗ, ಆಗುತ್ತದೆ ಎಂದು ಅವ್ವ ಹೇಳಿದಳಂತೆ. ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳಂತೆ.

ಆ ಎರಡೂ ವರ್ಷ ನಾವು ಊರಿಗೆ ಹೋಗಲಿಲ್ಲ. ಒಂದು ವರ್ಷ ಶಾಲೆ ಎಂದೆವು, ಇನ್ನೊಂದು ವರ್ಷ ಕಚೇರಿ ಎಂದೆವು, ಎರಡೂ ನಿಜ. ಈ ಸಲ ಅರ್ಜಿಯಲ್ಲಿ ‘ಸ್ವಂತ ಊರು’ ಎಂಬ ಅಂಕಣವನ್ನು ತುಂಬಿ ಕೊಟ್ಟಿದ್ದೇವೆ. ದೊಡ್ಡ ಚೀಲವೊಂದನ್ನು ಮಗಳು ಈಗಲೇ ತೊಳೆದು ಒಣಹಾಕಿದ್ದಾಳೆ. ರಜೆ ಇನ್ನೂ ಮಂಜೂರಾಗಿಲ್ಲ.